ಅಚ್ಚಿನಿಂದ ತೆಗೆದ ಅಚ್ಚು

ಪ್ಲಾಸ್ಟಿಕ್ ಮಾದರಿಗಳೆಂದರೆ ಜಪಾನ್ ಎಂದು ಈಗ ಲೋಕವೇ ಒಪ್ಪಿದೆ. ಆ ದೇಶದಲ್ಲಿ ತಯಾರಾದ ಮೊದಲ ಪ್ಲಾಸ್ಟಿಕ್ ಮಾದರಿ ಎಂದು ಸಾಮಾನ್ಯವಾಗಿ ಹೆಸರಿಸುವುದು ಮರುಸನ್ ಕಂಪನಿ 1958ರ ಡಿಸೆಂಬರಿನಲ್ಲಿ ಮಾರಾಟಕ್ಕಿಟ್ಟ ‘ನಾಟಿಲಸ್’ ಜಲಾಂತರ್ಗಾಮಿಯನ್ನು. ಅದು ಅಮೆರಿಕದ ರೆವೆಲ್ ಕಂಪನಿಯ ಮಾದರಿಯ ನಕಲು. ನಕಲಿನಿಂದ ಹುಟ್ಟಿದ ಈ ಕಸುಬು ನಕಲಿನಲ್ಲೇ ಉಳಿಯಲಿಲ್ಲ. ಅದು ಹೇಗೆ ಎಂಬುದು ಡೈ, ಅಂದರೆ ಉಕ್ಕಿನ ಅಚ್ಚು, ಕೊರೆದು ಹೊಟ್ಟೆ ಹೊರೆದ ನನ್ನಂಥವರು ತಿಳಿದಿರಬೇಕಾದ ಚರಿತ್ರೆ.

ನಾನು ಪೀಣ್ಯದ ಟೂಲ್ ರೂಮುಗಳಲ್ಲಿ ದುಡಿದವನು. ಈಚೆಗೆ ಮಗಳ ಮಗ ಹಟ ಹಿಡಿದು ತರಿಸಿಕೊಂಡ ಅಗ್ಗದ ರೋಬೋ ಕಿಟ್ಟನ್ನು ಅವನ ಜೊತೆ ಕೂತು ಜೋಡಿಸಿದೆ. ಬಿಳಿ ಮೈ, ನೀಲಿ ಎದೆ, ಹಣೆಯ ಮೇಲೆ ಹಳದಿ ಕೊಂಬು. ಯಾರು ನೋಡಿದರೂ ಜಪಾನಿನ ಟಿವಿ ಸರಣಿಯ ರೋಬೋ ಗಂಡಮ್ ಅನ್ನಬೇಕು, ಡಬ್ಬಿಯ ಮೇಲೆ ಮಾತ್ರ ತಯಾರಕರ ಹೆಸರೇ ಇಲ್ಲ. ತುಂಡುಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಚೌಕಟ್ಟಾದ ರನ್ನರಿನಿಂದ ಒಂದೊಂದೇ ತುಂಡು ಕತ್ತರಿಸುವಾಗ ಡೈಯ ಜಾತಕ ಬಿಚ್ಚಿಕೊಂಡಿತು. ಎರಡು ಅರೆಗಳು ಕೂಡುವ ಗೆರೆಯುದ್ದಕ್ಕೂ ಹೊರಗೆ ಜಿನುಗಿದ ತೆಳು ಪ್ಲಾಸ್ಟಿಕ್ಕಿನ ಫ್ಲ್ಯಾಶ್, ಎದೆಯ ಮುಂಭಾಗದಲ್ಲೇ ತುಂಡನ್ನು ಅಚ್ಚಿನಿಂದ ಹೊರತಳ್ಳುವ ಎಜೆಕ್ಟರ್ ಪಿನ್ನಿನ ಗುಂಡು ಗುರುತು, ಚೂಪಾಗಿರಬೇಕಾದ ಅಂಚುಗಳೆಲ್ಲ ಮೊಂಡು.

‘ತಾತ, ಕೈ ಯಾಕೆ ನಿಲ್ತಾ ಇಲ್ಲ?’ ಅಂದ ಹುಡುಗ. ಎತ್ತಿದ ಕೈ ತಾನಾಗಿಯೇ ಕೆಳಗೆ ಬೀಳುತ್ತಿತ್ತು.

ಅವನಿಗೆ ಹೇಳಿದ್ದು ಇಷ್ಟು. ಕರಗಿದ ಪಾಲಿಸ್ಟೈರೀನ್ ಅಚ್ಚಿನೊಳಗೆ ತಣಿಯುವಾಗ ಸಾಧಾರಣವಾಗಿ ಶೇ. 0.4ರಿಂದ 0.7ರಷ್ಟು ಕುಗ್ಗುತ್ತದೆ. ಅಸಲಿ ಡೈ ಮಾಡುವವನು ಅದನ್ನು ಲೆಕ್ಕ ಹಾಕಿ ಉಕ್ಕನ್ನು ಅಷ್ಟು ದೊಡ್ಡದಾಗಿಯೇ ಕೊರೆಯುತ್ತಾನೆ. ನಕಲು ಮಾಡುವವನು ಅಂಗಡಿಯಲ್ಲಿ ಕೊಂಡ ತುಂಡಿನಿಂದ ಅಚ್ಚು ತೆಗೆದರೆ, ಒಮ್ಮೆ ಕುಗ್ಗಿದ್ದರ ಮೇಲೆ ಕೆಲಸ ಶುರುವಾಗುತ್ತದೆ. ಅಳತೆ ತಿದ್ದದಿದ್ದರೆ ಅವನ ಮಾಲು ಇನ್ನೊಮ್ಮೆ ಕುಗ್ಗುತ್ತದೆ. ಹೊರಗಿನ ಆಕಾರದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಆದರೆ ಗೂಟವೂ ತೂತೂ ಒಂದೇ ಸಮ ಕುಗ್ಗುವುದಿಲ್ಲ; ಅವು ಒಂದಕ್ಕೊಂದು ಬಿಗಿಯಾಗಿ ಕೂರಬೇಕಾದ ಕಡೆ ಕೂದಲೆಳೆಯಷ್ಟು ವ್ಯತ್ಯಾಸವೂ ಕೆಲಸ ಕೆಡಿಸುತ್ತದೆ. ಭುಜದ ಗೂಟಕ್ಕೆ ಸೂಪರ್ ಗ್ಲೂ ತೆಳ್ಳಗೆ ಸವರಿ, ಪೂರ್ತಿ ಒಣಗಿಸಿ, ನಯವಾದ ಉಪ್ಪುಕಾಗದದಲ್ಲಿ ಉಜ್ಜಿದೆ. ಕೈ ನಿಂತಿತು.

ಅಸಲಿ ಗಂಡಮ್ ಬರುವ ಊರು ಶಿಜುವೊಕಾ. ಅಲ್ಲಿ ಮೊದಲಿದ್ದದ್ದು ಮರದ ಕೆಲಸ. ಶಾಲೆಯ ಮಕ್ಕಳಿಗೆ ಮರದ ವಿಮಾನದ ಮಾದರಿ ಮಾಡುತ್ತಿದ್ದ ಊರು ಅದು. ತಾಮಿಯಾ ಕಂಪನಿ ಶುರುವಾದದ್ದೂ ಮರದ ವ್ಯಾಪಾರದಿಂದ. 1960ರಲ್ಲಿ ತಾಮಿಯಾ ತನ್ನ ಮೊದಲ ಪ್ಲಾಸ್ಟಿಕ್ ಮಾದರಿಯಾಗಿ ‘ಯಮಾತೊ’ ಯುದ್ಧನೌಕೆಯನ್ನು ತಂದಾಗ, ಇನ್ನೊಂದು ಕಂಪನಿಯ ಅದೇ ನೌಕೆ ಕಡಿಮೆ ಬೆಲೆಗೆ ಸಿಗುತ್ತಿದ್ದುದರಿಂದ ನಷ್ಟ ಅನುಭವಿಸಿತು. ಪಕ್ಕದ ಶಿಮಿಜುವಿನಲ್ಲಿದ್ದ ಇಮಾಯಿ ಕಂಪನಿ 1969ರಲ್ಲಿ ಮುಗ್ಗರಿಸಿತು. ಅದರ ಕಾರ್ಖಾನೆಯನ್ನು ಮುಂದೆ ಗಂಡಮ್ ಮಾದರಿಗಳನ್ನು ತಂದ ಬಾಂಡಾಯ್ ಕಂಪನಿ ಕೊಂಡಿತು.

ಗಂಡಮ್ ಟಿವಿಗೆ ಬಂದದ್ದು 1979ರ ಏಪ್ರಿಲಿನಲ್ಲಿ. ನಿರ್ದೇಶಕ ಯೊಶಿಯುಕಿ ತೊಮಿನೊ, ಯಂತ್ರಗಳ ವಿನ್ಯಾಸ ಕುನಿಯೊ ಓಕಾವರ ಅವರದು. ನೋಡುವವರು ಸಾಲದೆ 43 ಕಂತಿಗೇ ಸರಣಿ ನಿಂತಿತು. ಮರುಪ್ರಸಾರ ಶುರುವಾದ ಮೇಲೆ ಹುಚ್ಚು ಹತ್ತಿತು. 1980ರ ಜುಲೈಯಲ್ಲಿ ಬಾಂಡಾಯ್ 1/144 ಪ್ರಮಾಣದ ಮಾದರಿಯನ್ನು 300 ಯೆನ್ನಿಗೆ ತಂದಿತು. ಕತೆಯಲ್ಲಿ 18 ಮೀಟರ್ ಎತ್ತರದ ರೋಬೋ ಕೈಯಲ್ಲಿ ಹನ್ನೆರಡೂವರೆ ಸೆಂಟಿಮೀಟರ್. ಅಂಟು ಹಚ್ಚಿ ಜೋಡಿಸಬೇಕು, ಬಣ್ಣ ನಾವೇ ಬಳಿಯಬೇಕು. ಆದರೂ ಅಂಗಡಿಗಳಲ್ಲಿ ಮಾಲು ನಿಲ್ಲಲಿಲ್ಲ. 1982ರ ಜನವರಿಯಲ್ಲಿ ಚಿಬಾ ಪ್ರಾಂತದ ಮಳಿಗೆಯೊಂದರಲ್ಲಿ ಇದಕ್ಕಾಗಿ ನುಗ್ಗಿದ ಮಕ್ಕಳು ಎಸ್ಕಲೇಟರ್ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಗಾಯಗೊಂಡರು.

ಸಿಗದ ಮಾಲಿಗೆ ನಕಲು ಹುಟ್ಟಿಯೇ ಹುಟ್ಟುತ್ತದೆ. ಮೊದಲ ನಕಲುಗಳು ಬಂದದ್ದು ಚೀನಾದಿಂದಲ್ಲ, ಜಪಾನಿನೊಳಗಿನಿಂದಲೇ. ಟೋಕಿಯೊ ಮರುಯಿ ಕಂಪನಿ ‘ಮೊಬೈಲ್ ಫೋರ್ಸ್ ಗಂಗಲ್’ ಎಂಬ ಹೋಲಿಕೆಯ ರೋಬೋಗಳನ್ನು ಮಾರಿತು. ಆಮೇಲೆ ಕೊರಿಯಾದಲ್ಲಿ, ನಂತರ ಚೀನಾದ ಆಟಿಕೆ ಪಟ್ಟಣಗಳಲ್ಲಿ ಡೈಗಳು ತಯಾರಾದವು. ನಮ್ಮ ಮನೆಗೆ ಬಂದ ಡಬ್ಬಿ ಈ ವಂಶದ್ದೇ.

ಅಸಲಿನವರು ಇದಕ್ಕೆ ಡೈಯಲ್ಲೇ ಉತ್ತರ ಕೊಟ್ಟರು. 1990ರಲ್ಲಿ ಬಾಂಡಾಯ್ ‘ಹೈ ಗ್ರೇಡ್’ ಸಾಲನ್ನು ತಂದಿತು. ಒಂದೇ ರನ್ನರಿನಲ್ಲಿ ಬೇರೆ ಬೇರೆ ಬಣ್ಣದ ತುಂಡುಗಳು, ಅಂಟಿಲ್ಲದೆ ಕೂರುವ ಜೋಡಣೆ. ಒಂದೇ ಅಚ್ಚಿಗೆ ಹಲವು ಬಣ್ಣ ಊಡುವುದು, ಒತ್ತಿದರೆ ಕೂತು ಎಳೆದರೂ ಬಿಡದಂತೆ ಕೊರೆಯುವುದು ಎಷ್ಟು ಕಷ್ಟವೆಂದು ಡೈ ಮಾಡಿದವರಿಗೇ ಗೊತ್ತು. ಗಂಗಲ್ ಮಾರಿದ ಮರುಯಿಯೂ ಸುಮ್ಮನೆ ಕೂರಲಿಲ್ಲ. 1991ರಲ್ಲಿ ಬ್ಯಾಟರಿಯಿಂದ ನಡೆಯುವ ಆಟಿಕೆ ಬಂದೂಕನ್ನು ಸ್ವಂತ ಬುದ್ಧಿಯಿಂದ ಮಾಡಿ ಆ ಕ್ಷೇತ್ರದ ದೊಡ್ಡ ಹೆಸರಾಯಿತು. ತಾಮಿಯಾ ಅದಕ್ಕೂ ಹಿಂದೆಯೇ, ಪೋರ್ಷೆ ಕಾರಿನ ಮಾದರಿ ಮಾಡಲು ನಿಜವಾದ ಪೋರ್ಷೆಯನ್ನೇ ಕೊಂಡು ಬಿಚ್ಚಿ ಅಳೆದಿತ್ತು. ಇನ್ನೊಬ್ಬರ ಮಾದರಿಯನ್ನು ಅಳೆದವನಿಗೆ ಅವರ ಉತ್ತರ ಮಾತ್ರ ಸಿಗುತ್ತದೆ. ವಸ್ತುವನ್ನೇ ಅಳೆದವನಿಗೆ ಲೆಕ್ಕ ಮಾಡುವ ದಾರಿ ಸಿಗುತ್ತದೆ.

ಇನ್ನೊಬ್ಬರ ದುಡಿಮೆಯನ್ನು ಕದ್ದು ಮಾರುವುದು ತಪ್ಪು. 1958ರ ಮರುಸನ್ ಮಾಡಿದ್ದೂ ತಪ್ಪೇ. ಆ ತಪ್ಪನ್ನು ದಾಟಿದವರು ಸ್ವಂತ ಅಳತೆ, ಸ್ವಂತ ಉಕ್ಕು, ಸ್ವಂತ ನಷ್ಟದಿಂದ ದಾಟಿದರು. ಬೆಂಗಳೂರಿನಲ್ಲಿ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ 1972ರಿಂದ ಡೈ ಕೆಲಸ ಕಲಿಸುತ್ತಿದೆ. ಯಂತ್ರವೂ ಇದೆ, ಕೈಯೂ ಇದೆ. ಇದೇ ಊರಿನಲ್ಲಿ ಎಚ್‌ಎಎಲ್ ಕಟ್ಟಿ 1961ರಲ್ಲಿ ಮೊದಲ ಸಲ ಹಾರಿಸಿದ ಮಾರುತ್ ಬಗೆಯ ಯುದ್ಧವಿಮಾನವೊಂದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಡೈ ಕಲಿಯುತ್ತಿರುವ ಹುಡುಗ ಹುಡುಗಿಯರೇ, ಯಾರದೋ ಡಬ್ಬಿ ಬಿಚ್ಚುವ ಮೊದಲು ಅಲ್ಲಿಗೆ ಹೋಗಿ, ಅನುಮತಿ ಕೇಳಿ, ಟೇಪು ಹಿಡಿದು ಆ ವಿಮಾನವನ್ನು ಅಳೆಯಿರಿ.