ಹಿತ್ತಲಲ್ಲಿ ನಿಂತ ಎಚ್‌ಎಂಟಿ ಟ್ರ್ಯಾಕ್ಟರ್: ಗುಜರಿಗೋ, ಗ್ಯಾರೇಜಿಗೋ?

ಎಚ್‌ಎಂಟಿ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಕೈಗಡಿಯಾರ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸರ್ಕಾರಿ ಕಂಪನಿ 1971ರಲ್ಲಿ ಟ್ರ್ಯಾಕ್ಟರ್ ತಯಾರಿಕೆಗೂ ಇಳಿಯಿತು. ಕಾರ್ಖಾನೆ ಮಾತ್ರ ಇಲ್ಲಿ ಬರಲಿಲ್ಲ, ಹರಿಯಾಣದ ಪಿಂಜೋರ್‌ಗೆ ಹೋಯಿತು. ವಿನ್ಯಾಸ ಕೊಟ್ಟದ್ದು ಆಗಿನ ಚೆಕೊಸ್ಲೊವಾಕಿಯಾದ ಜೆಟರ್ ಕಂಪನಿ. ಮೊದಲ ಮಾದರಿ 2511: 25 ಅಶ್ವಶಕ್ತಿ, ಎರಡು ಸಿಲಿಂಡರ್, ಡೀಸೆಲ್.

ಜೆಟರ್‌ನವರದ್ದು ಒಂದು ಜಾಣತನವಿತ್ತು. ಎರಡು, ಮೂರು, ನಾಲ್ಕು ಸಿಲಿಂಡರ್‌ಗಳ ಗಾಡಿಗಳನ್ನು ಒಂದೇ ಕುಟುಂಬದಂತೆ ರೂಪಿಸಿ, ಆದಷ್ಟು ಬಿಡಿಭಾಗಗಳು ಎಲ್ಲಕ್ಕೂ ಹೊಂದುವಂತೆ ಮಾಡಿದ್ದರು. ಹಳೇ ಗಾಡಿ ಎಬ್ಬಿಸುವವರಿಗೆ ಇವತ್ತಿಗೂ ಕೈಹಿಡಿಯುವುದು ಇದೇ. ಯಾಕೆಂದರೆ 2016ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಪಿಂಜೋರ್ ಟ್ರ್ಯಾಕ್ಟರ್ ಘಟಕ ಮುಚ್ಚಲು ಒಪ್ಪಿತು. ಈಗ ಹೊರಗಿನವರು ಮಾಡಿದ ಸಾಮಾನು, ಇಲ್ಲವೇ ಗುಜರಿಯಲ್ಲಿ ಬಿಚ್ಚಿದ್ದು, ಎರಡೇ ದಾರಿ.

ಹಾಗಾದರೆ ಅಪ್ಪ ಕೊಂಡಿದ್ದ ಗಾಡಿಗೆ ದುಡ್ಡು ಸುರಿಯಬೇಕೇ? ಎಂಜಿನ್ ಒಂದೇ ಸೋತಿದ್ದರೆ ಸುರಿಯಬಹುದು ಅಂತೀವಿ. ಲೈನರ್, ಪಿಸ್ಟನ್, ರಿಂಗು ಬದಲಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಡೀಸೆಲ್ ಪಂಪನ್ನು ಪಂಪಿನವರ ಹತ್ತಿರ ಸರಿಮಾಡಿಸಿದರೆ ಅದು ಮತ್ತೆ ಓಡುತ್ತದೆ. ಗೇರ್‌ಬಾಕ್ಸ್ ಹಲ್ಲು ಮುರಿದಿದ್ದರೆ ಲೆಕ್ಕವೇ ಬೇರೆ. ಸಾಮಾನು ಹುಡುಕುವುದರಲ್ಲೇ ಒಂದು ಹಂಗಾಮು ಕಳೆದುಹೋಗುತ್ತದೆ. ಬಡ್ಡಿಗೆ ಸಾಲ ತಂದು ಆ ಕೆಲಸಕ್ಕೆ ಇಳಿಯಬೇಡಿ.

ಎದ್ದ ಮೇಲಾದರೂ ಅದು 25 ಅಶ್ವಶಕ್ತಿಯ ಗಾಡಿಯೇ. ದೊಡ್ಡ ರೋಟವೇಟರ್ ಅದರಿಂದಾಗದು. ಟ್ರೈಲರ್, ಕುಂಟೆ, ಔಷಧಿ ಸಿಂಪಡಣೆಗೆ ಧಾರಾಳ ಸಾಕು. ಇಷ್ಟಕ್ಕೇ ವರ್ಷವಿಡೀ ಬಾಡಿಗೆ ಗಾಡಿ ಕರೆಸುತ್ತಿದ್ದರೆ ಹಾಕಿದ ದುಡ್ಡು ಹುಟ್ಟುತ್ತದೆ. ಮಾರಲೆಂದು ಮಾತ್ರ ರಿಪೇರಿ ಮಾಡಿಸಬೇಡಿ. ಹಳೇ ಟ್ರ್ಯಾಕ್ಟರನ್ನು ಶೋಕಿಗೆ ಕೊಳ್ಳುವವರು ಇಂಗ್ಲೆಂಡಿನಲ್ಲಿದ್ದಾರೆ, ನಮ್ಮ ಸಂತೆಯಲ್ಲಿಲ್ಲ. ಹೊಸ ಬಣ್ಣ ನೋಡಿ ಯಾರೂ ಬೆಲೆ ಏರಿಸುವುದಿಲ್ಲ.

ಆರ್‌ಸಿಯನ್ನೂ ಮೊದಲೇ ತೆಗೆದು ನೋಡಿ. ನೋಂದಣಿ 15 ವರ್ಷದ್ದು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದು ತೀರಿಹೋದವರ ಹೆಸರಲ್ಲೇ ಉಳಿದಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ, ಮೆಕ್ಯಾನಿಕ್ ಆಮೇಲೆ. ಹಿಂದಿನ ದೊಡ್ಡ ಟಯರ್‌ಗಳನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಿ, ಎಂಜಿನ್ ಹತ್ತಿ, ಲಿಫ್ಟ್ ಭಾರ ಎತ್ತಿದ ಮೇಲೆ.