ಲೇವಾದೇವಿಯ ಲೆಕ್ಕ ಮತ್ತು ದಂಡದ ನೋಟಿಸು

ಹಾಸನ, ಅರಕಲಗೂಡು ಕಡೆಯ ರೈತರು ಮುಂಗಾರಿನ ಹೊತ್ತಿಗೆ ಪಂಜಾಬಿನ ಜಲಂಧರ್‌ನಿಂದ ಹಾಸನದ ಎಪಿಎಂಸಿಗೆ ಬರುವ ಬಿತ್ತನೆ ಆಲೂಗಡ್ಡೆಯನ್ನು ಕೊಳ್ಳಬೇಕಾಗಿದ್ದುದರಿಂದ, ಬೆಳೆಗಿಂತ ಮೊದಲೇ ಸಾಲ ಹುಟ್ಟುತ್ತಿತ್ತು. ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿಯೂ ಕೈಸಾಲ ಮತ್ತು ಗಿರವಿ, ಅಂದರೆ ಒಡವೆಯನ್ನು ಅಡವಿಟ್ಟು ಪಡೆಯುವ ಸಾಲ, ಬೇಸಾಯದ ಜೊತೆಗೇ ನಡೆದುಬಂದವು. ಸಾಹುಕಾರನಿಗೆ ಪರ್ಯಾಯವೊದಗಿಸಲು ಮೈಸೂರು ಸಂಸ್ಥಾನವು 1905ರಲ್ಲಿ ಸಹಕಾರ ಸಂಘಗಳ ಶಾಸನವನ್ನು ತಂದಿತಾದರೂ, ಸಾಹುಕಾರನನ್ನೇ ಕಾನೂನಿನ ಹಿಡಿತಕ್ಕೆ ತಂದದ್ದು 1939ರ ಲೇವಾದೇವಿ ಕಾಯ್ದೆ.

ಅದರ ಸ್ಥಾನಕ್ಕೆ ಬಂದ 1961ರ ಕಾಯ್ದೆಯ ಜಾರಿ ಸಹಕಾರ ಇಲಾಖೆಯ ಪಾಲಿಗೆ ಬಂತು. ಪರವಾನಗಿ ಪಡೆಯುವುದು, ಲೆಕ್ಕದ ಪುಸ್ತಕ ಇಡುವುದು, ಸಾಲಗಾರನಿಗೆ ರಸೀದಿ ಕೊಡುವುದು ಲೇವಾದೇವಿದಾರನ ಕರ್ತವ್ಯಗಳಾದವು. ಪರವಾನಗಿಯಿಲ್ಲದವನು ನ್ಯಾಯಾಲಯದಲ್ಲಿ ಸಾಲವಸೂಲಿಯ ಡಿಕ್ರಿ ಪಡೆಯುವಂತಿರಲಿಲ್ಲ. ಬಡ್ಡಿಯ ಮಿತಿ ಮೀರುವ ಮೀಟರ್ ಬಡ್ಡಿಯಂಥ ದಂಧೆಯನ್ನು 2004ರ ಕಾಯ್ದೆಯು ಶಿಕ್ಷಾರ್ಹ ಅಪರಾಧವೆಂದೇ ಘೋಷಿಸಿತು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರಾದ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ರೂಪುಗೊಂಡು 2019ರಲ್ಲಿ ಜಾರಿಯಾದ ಋಣ ಪರಿಹಾರ ಕಾಯ್ದೆಯ ಪ್ರಕಾರ, ಸಣ್ಣ ರೈತರೂ ಬಡವರೂ ಖಾಸಗಿ ಸಾಲದಿಂದ ಬಿಡುಗಡೆ ಕೋರಿ ಗಿರವಿ ಚೀಟಿಯಂಥ ದಾಖಲೆಗಳೊಡನೆ ಉಪವಿಭಾಗಾಧಿಕಾರಿಗೆ ಅರ್ಜಿ ಸಲ್ಲಿಸಬಹುದಾಗಿತ್ತು.

ಇದಕ್ಕೆ ಸಮಾನಾಂತರವಾಗಿ, ಬ್ಯಾಂಕೇತರ ಹಣಕಾಸು ಸಂಸ್ಥೆಗಳ ಮೇಲೆ ರಿಸರ್ವ್ ಬ್ಯಾಂಕಿನ ಹಿಡಿತವೂ ಬಿಗಿಯಾಗುತ್ತ ಬಂದಿತು. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 58ಜಿ ಕಲಮಿನಂತೆ, ನಿಯಮ ಮುರಿದ ಸಂಸ್ಥೆಗೆ ಮೊದಲು ಕಾರಣ ಕೇಳುವ ನೋಟಿಸು, ಅಂದರೆ ದಂಡ ಏಕೆ ವಿಧಿಸಬಾರದೆಂದು ಪ್ರಶ್ನಿಸುವ ಪತ್ರ ಹೋಗುತ್ತದೆ. ಸಂಸ್ಥೆಯ ಅಹವಾಲನ್ನು ಕೇಳಿದ ಮೇಲಷ್ಟೇ ದಂಡದ ಆದೇಶ ಹೊರಡುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ರಾಜ್ಯದಾದ್ಯಂತ ಸುದ್ದಿಯಾದಾಗ 2025ರ ಫೆಬ್ರುವರಿ 12ರಂದು ಹೊರಟ ಸುಗ್ರೀವಾಜ್ಞೆಯು ಬಲವಂತದ ವಸೂಲಿಗೆ 10 ವರ್ಷದವರೆಗಿನ ಸೆರೆವಾಸವನ್ನೂ 5 ಲಕ್ಷ ರೂಪಾಯಿವರೆಗಿನ ದಂಡವನ್ನೂ ಗೊತ್ತುಪಡಿಸಿತಾದರೂ, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹೀಗಾಗಿ ಒಂದೇ ಹಳ್ಳಿಯ ಇಬ್ಬರು ಸಾಲಗಾರರ ದೂರುಗಳು, ಸಾಲ ಕೊಟ್ಟವರು ಯಾರೆಂಬುದರ ಮೇಲೆ, ಬೇರೆ ಬೇರೆ ಕಚೇರಿಗಳ ದಾರಿ ಹಿಡಿಯುತ್ತವೆ.

ಶಿಕ್ಷೆ ಎಷ್ಟೇ ಕಠಿಣವಾದರೂ ನೋಟಿಸಿನ ಬಲವಿರುವುದು ದಾಖಲೆಯಲ್ಲಿ. ರಸೀದಿಯಿಲ್ಲದ ಕೈಸಾಲ ನಡೆಯುವಷ್ಟು ಕಾಲವೂ, 1939ರಿಂದ ಕಾನೂನು ಕೇಳುತ್ತ ಬಂದಿರುವ ಲೆಕ್ಕದ ಪುಸ್ತಕವೇ ಸಾಲಗಾರನ ಮೊದಲ ರಕ್ಷಣೆಯಾಗಿ ಉಳಿಯುತ್ತದೆ.