ಅಂಗಮರ್ದನದ ಪೂರ್ವೋತ್ತರ

ಸಾಮು ಮುಗಿಸಿ ಬೆವರಿಳಿಯುತ್ತಿರುವ ಹುಡುಗನನ್ನು ಗರಡಿಯ ಉಸ್ತಾದರು ಬೋರಲು ಮಲಗಿಸಿಕೊಂಡು, ಬೆನ್ನುಹುರಿಯ ಇಕ್ಕೆಲಗಳನ್ನೂ ಅಂಗೈಯಿಂದ ನೀವುವ ದೃಶ್ಯವನ್ನು ಮೈಸೂರು ಸೀಮೆಯ ಹಿರಿಯರು ಕಂಡೇ ಇರುವರು. ಆ ಹುಡುಗನ ಮೊಮ್ಮಕ್ಕಳು ಇಂದು ಓಟದಲ್ಲಿಯೋ ಕಬಡ್ಡಿಯಲ್ಲಿಯೋ ತೊಡೆಯ ಮಾಂಸವನ್ನು ಸೆಳೆಸಿಕೊಂಡು ಕ್ರೀಡಾಚಿಕಿತ್ಸಾಲಯಕ್ಕೆ ಹೋಗುತ್ತಾರೆ. ಅಲ್ಲಿ ಮಣ್ಣಿನ ನೆಲಕ್ಕೆ ಬದಲಾಗಿ ಎತ್ತರವಾದ ಮೇಜು, ಶುಭ್ರವಾದ ಬಿಳಿಯ ವಸ್ತ್ರ. ಸಲಕರಣೆಗಳು ಬೇರೆಯಾದರೂ ಕೈಯ ಕೆಲಸ ಬಹುಮಟ್ಟಿಗೆ ಅದೇ. ಮೊದಲ ಸಲ ಹೋಗುವವರ ಮನಸ್ಸಿನಲ್ಲಿ ಮಾತ್ರ, ಅಲ್ಲಿ ಏನು ನಡೆಯುವುದು, ನೋವಾಗುವುದೇ, ಅದರಿಂದ ಗುಣವೆಷ್ಟು ಎಂಬ ಶಂಕೆ ಮೂಡುವುದು ಸಹಜ. ಈ ಶಂಕೆಗೆ ಸಮಾಧಾನವನ್ನು ಹುಡುಕುವವರು ಈ ಕಸಬಿನ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡುವುದು ಲೇಸು. ಏಕೆಂದರೆ ಕೈಯ ವಿದ್ಯೆ ಎರಡು ಸಾವಿರ ವರ್ಷಗಳಲ್ಲಿ ಹೆಚ್ಚಾಗಿ ಬದಲಾಗಿಲ್ಲ. ಅದಕ್ಕೆ ಹೇಳುವ ಕಾರಣಗಳು ಮಾತ್ರ ಕಾಲಕಾಲಕ್ಕೆ ವೇಷವನ್ನು ಬದಲಿಸುತ್ತ ಬಂದಿವೆ.

ಪ್ರಾಚೀನ ಗ್ರೀಕರಲ್ಲಿ ಬಾಲಕರಿಗೆ ವ್ಯಾಯಾಮವನ್ನು ಕಲಿಸುವ ಗುರುವಿಗೆ ಪೈಡೊಟ್ರಿಬೆಸ್ ಎಂದು ಹೆಸರು. ಹುಡುಗರ ಮೈಯನ್ನು ತಿಕ್ಕುವವನು ಎಂಬುದೇ ಆ ಶಬ್ದದ ಅರ್ಥ. ಮಲ್ಲರು ಆಲಿವ್ ಎಣ್ಣೆಯನ್ನು ಬಳಿದುಕೊಂಡು ಕುಸ್ತಿಯಾಡಿ, ಆಮೇಲೆ ಮೈಗಂಟಿದ ಎಣ್ಣೆ ಮಣ್ಣುಗಳನ್ನು ಲೋಹದ ಬಾಗಿದ ಅಲಗಿನಿಂದ ಕೆರೆದು ತೆಗೆಯುತ್ತಿದ್ದರು. ಈ ರೂಢಿಯನ್ನು ಶಾಸ್ತ್ರದ ಕಟ್ಟಿಗೆ ಒಳಪಡಿಸಿದವನು ಗೇಲನ್ ಎಂಬ ವೈದ್ಯ. ಕ್ರಿ.ಶ. 129ರಲ್ಲಿ ಪೆರ್ಗಮಮ್ ಪಟ್ಟಣದಲ್ಲಿ ಹುಟ್ಟಿದ ಈತನು 157ರಲ್ಲಿ ಆ ಊರಿನ ಗ್ಲೇಡಿಯೇಟರುಗಳಿಗೆ, ಎಂದರೆ ಜನರ ವಿನೋದಕ್ಕಾಗಿ ಶಸ್ತ್ರಹಿಡಿದು ಕಾದುವ ಆಳುಗಳಿಗೆ, ವೈದ್ಯನಾದನು. ಆರೋಗ್ಯರಕ್ಷಣೆಯನ್ನು ಕುರಿತ ತನ್ನ ಗ್ರಂಥದಲ್ಲಿ ಈತನು ಮರ್ದನವನ್ನು ಗಟ್ಟಿ, ಮೃದು, ಮಧ್ಯಮ ಎಂದು ಗುಣದಿಂದಲೂ, ಹೆಚ್ಚು, ಕಡಿಮೆ, ಮಧ್ಯಮ ಎಂದು ಪ್ರಮಾಣದಿಂದಲೂ ವಿಭಾಗಿಸಿ 9 ಬಗೆಗಳನ್ನು ಎಣಿಸುತ್ತಾನೆ. ಅದಕ್ಕಿಂತ ಮುಖ್ಯವಾದುದು ಮತ್ತೊಂದು ವಿಭಾಗ. ವ್ಯಾಯಾಮಕ್ಕೆ ಮುಂಚೆ ಮೈಯನ್ನು ಸಿದ್ಧಗೊಳಿಸುವ ಮರ್ದನವೇ ಬೇರೆ, ವ್ಯಾಯಾಮದ ತರುವಾಯ ದಣಿವನ್ನು ಇಳಿಸುವ ಮರ್ದನವೇ ಬೇರೆ ಎಂದು ಆತನ ಮತ. ಎರಡನೆಯದನ್ನು ಏಕೆ ಮಾಡಬೇಕೆಂದರೆ, ದುಡಿಮೆಯಿಂದ ದೇಹದೊಳಗೆ ಉಳಿದ ಕಶ್ಮಲವನ್ನು ಹೊರದೂಡುವುದಕ್ಕೆ. ಈ ಕಶ್ಮಲದ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಇದು ಮತ್ತೆ ಬರುವುದು.

ನಮ್ಮ ಆಯುರ್ವೇದಾಚಾರ್ಯರು ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಎಣ್ಣೆಯಿಂದ ಮಡಕೆಯೂ ತೊಗಲೂ ಬಂಡಿಯ ಅಚ್ಚೂ ಗಟ್ಟಿಯಾಗುವಂತೆ ಅಭ್ಯಂಗದಿಂದ ದೇಹವು ದೃಢವಾಗುವುದೆಂದೂ, ನಿತ್ಯವೂ ಅಭ್ಯಂಗ ಮಾಡಿಕೊಳ್ಳುವವನು ಪೆಟ್ಟಿಗಾಗಲಿ ಕಠಿನವಾದ ದುಡಿಮೆಗಾಗಲಿ ಬೇಗ ಕುಗ್ಗುವುದಿಲ್ಲವೆಂದೂ ಚರಕಸಂಹಿತೆಯ ಅಭಿಪ್ರಾಯ. ಮನೆಯಲ್ಲಿ ಎತ್ತಿನ ಗಾಡಿಯನ್ನು ಕಂಡವರಿಗೆ ಈ ಉಪಮೆಯನ್ನು ವಿವರಿಸಬೇಕಾಗಿಲ್ಲ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಬಲವಂತನಾದರೂ ಚಳಿಗಾಲ ವಸಂತಗಳಲ್ಲಿ ತನ್ನ ಶಕ್ತಿಯ ಅರ್ಧದಷ್ಟನ್ನು ಮಾತ್ರ ವ್ಯಾಯಾಮಕ್ಕೆ ವ್ಯಯಮಾಡಬೇಕೆಂದು ವಿಧಿಸಿ, ಅದಾದ ಮೇಲೆ ಮೈಯನ್ನೆಲ್ಲ ಸುಖವಾಗುವಂತೆ ಮರ್ದಿಸಬೇಕೆನ್ನುತ್ತಾನೆ. ಸುಖವಾಗುವಂತೆ ಎಂಬ ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ನೊಂದಷ್ಟೂ ಗುಣ ಎಂಬುದು ಜನರ ಮಾತೇ ಹೊರತು ಶಾಸ್ತ್ರದ ಮಾತಲ್ಲ. ಅಜೀರ್ಣದಲ್ಲಿಯೂ ಹೊಸ ಜ್ವರದಲ್ಲಿಯೂ ಅಭ್ಯಂಗ ಕೂಡದೆಂದು ಸುಶ್ರುತನು ನಿಷೇಧಿಸಿದ್ದಾನೆ.

ಕನ್ನಡ ನಾಡಿನಲ್ಲಿ ಇದರ ರಾಜವೈಭವವನ್ನು ನೋಡಬೇಕಾದರೆ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಬಳಿಗೆ ಹೋಗಬೇಕು. 1126ರಿಂದ 1138ರವರೆಗೆ ಆಳಿದ ಈ ಅರಸನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಸ್ನಾನಭೋಗಕ್ಕೆ ಒಂದು ಅಧ್ಯಾಯ, ಮಲ್ಲವಿನೋದಕ್ಕೆ ಮತ್ತೊಂದು ಅಧ್ಯಾಯ ಮೀಸಲಾಗಿವೆ. ಮಲ್ಲರನ್ನು ವಯಸ್ಸು ಬಲಗಳಿಗನುಸಾರವಾಗಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ವರ್ಗಗಳಾಗಿ ಮಾಡಿ, ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಮೊದಲಾದ ಅಭ್ಯಾಸಗಳನ್ನು ಹೇಳಿದೆ. ಭಾರವೆತ್ತುವುದು, ನಡೆದಾಡುವುದು, ಈಸುವುದು, ಕಂಬದ ಮೇಲಣ ಕಸರತ್ತು ಎಂದು ಅವುಗಳ ತಾತ್ಪರ್ಯ. ಅವರ ಊಟಕ್ಕೆ ಉದ್ದು, ಮಾಂಸ, ಹಾಲು, ಮೊಸರು, ಸಕ್ಕರೆಗಳನ್ನು ಒದಗಿಸಬೇಕೆಂದೂ ಇದೆ. ಅರಸನು ಸ್ವತಃ ಕುಳಿತು ಮಲ್ಲರ ಆಹಾರವನ್ನು ಬರೆದಿಟ್ಟ ದೇಶ ಇದು. ಮುಂದೆ ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಜಟ್ಟಿಗಳು ವಿಜಯದಶಮಿಯ ವಜ್ರಮುಷ್ಟಿ ಕಾಳಗಕ್ಕೆ ಮಾತ್ರವಲ್ಲದೆ, ಮೂಳೆ ಕೂರಿಸುವುದಕ್ಕೂ ಹೆಸರಾಗಿದ್ದರು. ಕೀಲುಗಳನ್ನು ಕಳಚುವಂತೆ ಕಾದಾಡುವವನೇ ಕೀಲನ್ನು ಕೂಡಿಸಲೂ ಬಲ್ಲವನಾದದ್ದು ಆಶ್ಚರ್ಯವಲ್ಲ.

ಪಶ್ಚಿಮ ದೇಶಗಳವರು ಈ ವಿದ್ಯೆಯ ಒಂದು ಪಾಲನ್ನು ನಮ್ಮಿಂದಲೇ ಪಡೆದರೆಂಬುದಕ್ಕೆ ಒಂದು ಶಬ್ದವೇ ಸಾಕ್ಷಿ. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದನು ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಹಬೆಯ ಸ್ನಾನದ ಮನೆಯನ್ನು ತೆರೆದು, ಕೀಲುನೋವು, ಉಳುಕು, ಜಡತೆಗಳಿಂದ ಬಳಲುವವರ ಮೈ ಒತ್ತುತ್ತಿದ್ದನು. 1822ರಲ್ಲಿ ಅದರ ಮೇಲೆ ಪುಸ್ತಕವನ್ನೂ ಬರೆದನು. ಒತ್ತು ಎಂಬ ಅರ್ಥದ ಹಿಂದೀ ಮಾತು ಚಾಂಪೋ ಎಂಬುದು ಆಂಗ್ಲರ ಬಾಯಲ್ಲಿ ಷಾಂಪೂ ಆಯಿತು. ಇಂದು ಆ ಶಬ್ದವು ತಲೆಗೂದಲಿನ ಸಾಬೂನಿಗೆ ಇಳಿದು, ಮೂಲದ ಅರ್ಥವು ಮರೆತೇ ಹೋಗಿದೆ.

ಆದರೆ ಎಲ್ಲವೂ ನಮ್ಮದೇ ಎಂದು ಬೀಗುವುದಕ್ಕೆ ಇದರಿಂದ ಅಧಿಕಾರ ಬಾರದು. ಉಳುಕಿದ ಕಾಲನ್ನು ಹೇಗೆ ನೋಡಿಕೊಳ್ಳಬೇಕೆಂಬುದನ್ನು ವಿಶ್ವವಿದ್ಯಾಲಯದ ಪರೀಕ್ಷೆಗೆ ಒಡ್ಡಿದವನು ಆಮ್ಸ್ಟರ್‌ಡಾಮಿನ ಯೋಹಾನ್ ಜಾರ್ಜ್ ಮೆಜ್ಗರ್. 1868ರಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕೆ ಆತನು ಒಪ್ಪಿಸಿದ ಪ್ರಬಂಧದ ವಿಷಯವೇ ಪಾದದ ಉಳುಕಿಗೆ ತಿಕ್ಕುವ ಚಿಕಿತ್ಸೆ. ನೀವುವುದು, ನಾದುವುದು, ತಟ್ಟುವುದು ಎಂಬ ಕ್ರಿಯೆಗಳಿಗೆ ಇಂದಿಗೂ ಬಳಕೆಯಲ್ಲಿರುವ ಫ್ರೆಂಚ್ ಹೆಸರುಗಳು ಅವನ ಪಂಥದಿಂದಲೇ ಹರಡಿದುವು. ಇವುಗಳನ್ನು ಸ್ವೀಡನ್ ದೇಶದ ಮರ್ದನವೆಂದು ಕರೆಯುವುದು ಲೋಕರೂಢಿ. 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮಶಾಲೆಯನ್ನು ಸ್ಥಾಪಿಸಿದ ಪೆರ್ ಹೆನ್ರಿಕ್ ಲಿಂಗನ ಕೀರ್ತಿಯ ನೆರಳು ಅದು. ಲಂಡನ್ನಿನಲ್ಲಿ ಮರ್ದನದ ಹೆಸರಿನಲ್ಲಿ ಅನಾಚಾರ ನಡೆಯುತ್ತಿದೆಯೆಂಬ ಗುಲ್ಲು ಎದ್ದಾಗ, 1894ರಲ್ಲಿ ಕೆಲವರು ದಾದಿಯರು ಸೇರಿ ಒಂದು ಸಂಘವನ್ನು ಕಟ್ಟಿ, ಪರೀಕ್ಷೆಗಳನ್ನೂ ಕಟ್ಟುನಿಟ್ಟಾದ ನಿಯಮಗಳನ್ನೂ ಏರ್ಪಡಿಸಿದರು. ಇಂದಿನ ಫಿಸಿಯೊಥೆರಪಿಯ ಆಂಗ್ಲಸಂಸ್ಥೆಗೆ ಮೂಲ ಅದೇ. ಗರಡಿಯ ಉಸ್ತಾದನಿಗೆ ಇಂತಹ ಸಂಘ ಒದಗಲಿಲ್ಲ. ಆತನ ಕೈಯ ಅನುಭವ ಆತನೊಡನೆಯೇ ಮಣ್ಣಾದುದು ನಮಗಾದ ನಷ್ಟ.

ಇನ್ನು ಗೇಲನನ ಕಶ್ಮಲದ ಮಾತಿಗೆ ಬರೋಣ. ಆಟದ ನಂತರ ಮಾಂಸಖಂಡಗಳಲ್ಲಿ ಲ್ಯಾಕ್ಟಿಕ್ ಆಮ್ಲ ನಿಂತು ನೋವಾಗುವುದೆಂದೂ, ಮರ್ದನದಿಂದ ಅದು ತೊಳೆದು ಹೋಗುವುದೆಂದೂ ಇಂದಿಗೂ ಹಲವೆಡೆ ಹೇಳುವರು. ಇದು ಹಳೆಯ ಕಶ್ಮಲವೇ ಹೊಸ ಅಂಗಿ ತೊಟ್ಟು ಬಂದುದಲ್ಲದೆ ಬೇರೆಯಲ್ಲ. ಆ ವಸ್ತುವು ಯಾರೂ ಮುಟ್ಟದಿದ್ದರೂ ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಮರುದಿನವೂ ಅದರ ಮರುದಿನವೂ ಬಾಧಿಸುವ ನೋವಿಗೆ, ಅಭ್ಯಾಸವಿಲ್ಲದ ಶ್ರಮದಿಂದ ಮಾಂಸದ ಎಳೆಗಳಿಗಾದ ಸೂಕ್ಷ್ಮವಾದ ಘಾಸಿಯೇ ಮುಖ್ಯ ಕಾರಣ. 2020ರಲ್ಲಿ ಇಂಗ್ಲೆಂಡಿನ ಸಂಶೋಧಕರು 29 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮರ್ದನದಿಂದ ಓಟದ ವೇಗವಾಗಲಿ ನೆಗೆತವಾಗಲಿ ಬಲವಾಗಲಿ ಹೆಚ್ಚಿದುದು ಕಾಣಲಿಲ್ಲ. ಆದರೆ ಆ ತಡವಾದ ನೋವು ಸ್ವಲ್ಪ ಕಡಿಮೆಯಾದುದೂ ಮೈಯ ಬಾಗುವಿಕೆ ಸ್ವಲ್ಪ ಹೆಚ್ಚಿದುದೂ ಕಂಡುಬಂದಿತು. ಸ್ವಲ್ಪ ಎಂಬುದೇ ಇಲ್ಲಿ ಪ್ರಾಮಾಣಿಕವಾದ ಮಾತು.

ಹಾಗಾದರೆ ಚಿಕಿತ್ಸಾಲಯದಲ್ಲಿ ಏನನ್ನು ನಿರೀಕ್ಷಿಸಬಹುದು? ಒಳ್ಳೆಯ ಚಿಕಿತ್ಸಕನು ಮೈ ಮುಟ್ಟುವುದಕ್ಕೆ ಮೊದಲು ಪ್ರಶ್ನೆ ಕೇಳುತ್ತಾನೆ: ಪೆಟ್ಟು ಎಂದಾಯಿತು, ಹೇಗಾಯಿತು, ಯಾವ ಔಷಧಿ ನಡೆದಿದೆ, ರಕ್ತ ತೆಳುಮಾಡುವ ಮಾತ್ರೆಯುಂಟೇ, ಮುಂದಿನ ಪಂದ್ಯ ಎಂದು. ಬೇಕಾದ ಅಂಗವನ್ನು ಮಾತ್ರ ಹೊರಗೆ ಬಿಟ್ಟು ಉಳಿದುದನ್ನು ವಸ್ತ್ರದಿಂದ ಮುಚ್ಚುತ್ತಾನೆ. ಮೊದಲು ಉದ್ದವಾದ ಮೃದು ನೀವುವಿಕೆ, ಬಳಿಕ ನಾದುವಿಕೆ, ಆಮೇಲೆ ಗಂಟುಕಟ್ಟಿದಂತಿರುವ ಕಡೆ ಹೆಬ್ಬೆರಳಿನ ಒತ್ತು. ಒತ್ತುವಾಗ ನೋವು ಹತ್ತರಲ್ಲಿ ಎಷ್ಟೆಂದು ಕೇಳುವುದುಂಟು. ಇದು ಸಂಕೋಚಪಡುವ ಸ್ಥಳವಲ್ಲ. ತಾಳದಾದರೆ ತಾಳೆನೆಂದು ಹೇಳಬೇಕು. ಆಳವಾಗಿ ಒತ್ತಿದ ಕಡೆ ಒಂದೆರಡು ದಿನ ನಸುನೋವಿರುವುದು ಸಹಜ. ಆದುದರಿಂದಲೇ ಪಂದ್ಯದ ಹಿಂದಿನ ಸಂಜೆ ಅಂತಹ ಮರ್ದನವನ್ನು ಮಾಡಿಸಿಕೊಳ್ಳಬಾರದು. ಪಂದ್ಯಕ್ಕೆ ಮುಂಚಿನದು ಹಗುರವೂ ಚುರುಕೂ ಆಗಿರತಕ್ಕದ್ದು. ಗೇಲನನ ಎರಡು ಮರ್ದನಗಳ ಭೇದ ಈ ಮೇಜಿನ ಮೇಲೆಯೂ ಉಳಿದಿರುವುದನ್ನು ನೋಡಿರಿ.

ಮುಟ್ಟಬಾರದ ಸಂದರ್ಭಗಳೂ ಉಂಟು. ನಾನು ಹುಡುಗನಾಗಿದ್ದಾಗ ಕಾಲು ಉಳುಕಿದ ದಿನವೇ ನೆರೆಮನೆಯ ಹಿರಿಯರೊಬ್ಬರು ಪ್ರೀತಿಯಿಂದ ಬಿಸಿಯೆಣ್ಣೆ ಹಾಕಿ ಬಲವಾಗಿ ಉಜ್ಜಿದರು. ರಾತ್ರಿಯೊಳಗೆ ಕಾಲು ಇಮ್ಮಡಿಯಾಗಿ ಬಾತು, ಮೂರು ವಾರ ಶಾಲೆ ತಪ್ಪಿತು. ಹೊಸ ಪೆಟ್ಟು ಬಿದ್ದ ಮೊದಲ ಎರಡು ಮೂರು ದಿನ ಆ ಜಾಗವನ್ನು ಉಜ್ಜಕೂಡದೆಂಬುದನ್ನು ಅಂದು ನಮ್ಮಲ್ಲಿ ಹೇಳುವವರಿರಲಿಲ್ಲ. ಜ್ವರವಿರುವಾಗ, ಚರ್ಮದಲ್ಲಿ ಕೀವು ಸೋಂಕುಗಳಿರುವಾಗ, ಮೂಳೆ ಮುರಿದಿರುವ ಸಂದೇಹವಿರುವಾಗಲೂ ಹಾಗೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ಪೆಟ್ಟಿಲ್ಲದೆಯೇ ಒಂದು ಕಾಲಿನ ಮೀನಖಂಡ ಮಾತ್ರ ಬಾತು, ಬಿಸಿಯಾಗಿ, ನೋಯುತ್ತಿದ್ದರೆ ಅದು ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದುದರ ಗುರುತಾಗಿರಬಹುದು. ಆ ಹೆಪ್ಪು ಸಡಿಲಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಅಂತಹ ಕಾಲನ್ನು ಯಾರ ಕೈಗೂ ಒತ್ತಲು ಕೊಡದೆ, ಅಂದೇ ವೈದ್ಯರಿಗೆ ತೋರಿಸತಕ್ಕದ್ದು.